ಪಟ್ಟಿಯಲ್ಲಿಲ್ಲದವನ ವಿಳಾಸ

ಹೋದ ತಿಂಗಳು ಮದ್ರಾಸಿನ ಪ್ಯಾರೀಸ್ ಕಾರ್ನರ್‌ನ ನಾಟಿಮದ್ದಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಅತ್ತೆಗೆ ಅಳಲೆಕಾಯಿ ಬೇಕಿತ್ತು. ಬಿಸಿಲು ಒಳಗೆ ನುಗ್ಗದಿರಲೆಂದು ಅಂಗಡಿಯವನು ಬಾಗಿಲಿಗೆ ಲಾವಂಚದ ತಟ್ಟಿ ಇಳಿಬಿಟ್ಟಿದ್ದ. ಪೊಟ್ಟಣ ಕಟ್ಟುವ ಮೊದಲು ಒಂದು ಚೊಂಬು ನೀರು ತಂದು ಅದರ ಮೇಲೆ ಚಿಮುಕಿಸಿದ. ಬೇರಿನ ಆ ತಣ್ಣಗಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನಗೆ ನಮ್ಮ ಹಳೆಯ ಆಫೀಸಿನ ಮೂರನೇ ಮಹಡಿ ನೆನಪಾಯಿತು, ಮಾಮಾ ನೆನಪಾದರು. ಅಳಲೆಕಾಯಿ ಅಲ್ಲೇ ಬಿಟ್ಟು ರಸ್ತೆಗೆ ಇಳಿದುಬಿಟ್ಟಿದ್ದೆ. ಅಂಗಡಿಯವನು ಹಿಂದಿನಿಂದ ಕೂಗಿ ಕರೆದು ಕೊಟ್ಟ.

ಆ ಆಫೀಸು ಅಲ್ಲಿಂದ ಎರಡು ಬೀದಿಯಾಚೆ ಇತ್ತು. ಹಡಗುಗಳಿಗೆ ಕೆಲಸದವರನ್ನು ಕಳಿಸಿಕೊಡುವ ಏಜೆನ್ಸಿ. ಎಂಜಿನ್ ರೂಮಿನಲ್ಲಿ ಎಣ್ಣೆ ಹಾಕುವ ಆಯಿಲರ್‌ಗಳು, ಅಡುಗೆಯವರು, ಡೆಕ್ಕಿನ ಮೇಲೆ ಹಗ್ಗ ಎಳೆಯುವವರು... ಒಂಬತ್ತು ತಿಂಗಳು ನೀರಿನ ಮೇಲೆ, ಮೂರು ತಿಂಗಳು ಮನೆಯಲ್ಲಿ. ಮೊಬೈಲು ಇನ್ನೂ ಎಲ್ಲರ ಕೈಗೂ ಬಂದಿರದ ಕಾಲ. ನಡುಸಮುದ್ರದಲ್ಲಿರುವ ಗಂಡನಿಗೆ ಒಂದು ಮಾತು ತಲುಪಿಸಬೇಕೆಂದರೆ ನಮ್ಮ ಆಫೀಸಿನ ಮೇಲ್ ಸರ್ವರ್ ಒಂದೇ ದಾರಿ. ಅದು ಬಾಡಿಗೆಯದಲ್ಲ, ನಮ್ಮದೇ ಸ್ವಂತ ಯಂತ್ರ. ಮರದ ಪಾರ್ಟಿಶನ್ನಿನ ಹಿಂದೆ ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು.

ಮಾಮಾ ಆ ಆಫೀಸಿನ ಟಪಾಲು ಸೆಕ್ಷನ್ನಿನವರು. ನಮ್ಮ ಕಡೆ ಮಾಮಾ ಎಂದರೆ ಅವ್ವನ ಅಣ್ಣ ತಮ್ಮ ಮಾತ್ರ. ಮದ್ರಾಸಿನಲ್ಲಿ ವಯಸ್ಸಾದ ಗಂಡಸರೆಲ್ಲ ಮಾಮಾ. ತಿರುವಲ್ಲಿಕ್ಕೇಣಿಯಲ್ಲಿ ನಾಲ್ಕು ತಲೆಮಾರಿನಿಂದ ಬೇರುಬಿಟ್ಟ ಕನ್ನಡ ಮಾಧ್ವರ ಮನೆ ಅವರದು. ಹಣೆಗೆ ಅಂಗಾರ ಅಕ್ಷತೆ, ತುಂಬುತೋಳಿನ ಬಿಳಿ ಶರ್ಟು, ಅರ್ಧ ತಮಿಳು ಅರ್ಧ ಕನ್ನಡ. ನಮ್ಮದು ಬ್ಯಾಡಗಿ ಮೆಣಸಿನಕಾಯಿ ದಲಾಲಿಯ ಮನೆ. ಅಪ್ಪ ಹಾವೇರಿ ಕಡೆಯಿಂದ ಬಂದು ಅದೇ ಪ್ಯಾರೀಸ್‌ನಲ್ಲಿ ಮಂಡಿ ಇಟ್ಟಿದ್ದರು. ನಾನು ಕಂಪ್ಯೂಟರ್ ಕಲಿತು ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ದಿನ ಮಾಮಾ ನನ್ನ ಮಾತು ಕೇಳಿ ನಕ್ಕು, ಇದೇನಮ್ಮಾ ಇಷ್ಟು ಖಾರದ ಕನ್ನಡ ಎಂದಿದ್ದರು. ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ.

ಕಾಗದದ ಟಪಾಲು ಹೋಗಿ ಇ-ಮೇಲ್ ಬಂದಾಗ ಈ ಮನುಷ್ಯ ಹೆದರಿ ಮೂಲೆ ಸೇರಲಿಲ್ಲ, ಅದನ್ನೂ ತಮ್ಮ ಸೆಕ್ಷನ್ನಿಗೇ ಎಳೆದುಕೊಂಡರು. ಯಾರೋ ಎಂಜಿನಿಯರ್ ಬಂದು ಒಮ್ಮೆ ತೋರಿಸಿ ಹೋದದ್ದನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಅಲಿಯಾಸ್ ಮಾಡುವುದನ್ನು ಕಲಿತಿದ್ದರು. ಅದೊಂದು ಸಾದಾ ಫೈಲು. ಎಡಗಡೆ ಒಬ್ಬ ಖಲಾಸಿಯ ಹೆಸರು, ಬಲಗಡೆ ಅವನಿರುವ ಹಡಗಿನ ಅಂಚೆಪೆಟ್ಟಿಗೆ. ಅವನು ಹಡಗು ಬದಲಿಸಿದರೆ ಮಾಮಾ ಬಲಗಡೆಯದನ್ನು ಮಾತ್ರ ತಿದ್ದುತ್ತಿದ್ದರು. ಹೆಂಡತಿ ಒಂದೇ ವಿಳಾಸ ಬಾಯಿಪಾಠ ಮಾಡಿಕೊಂಡರೆ ಸಾಕು, ಗಂಡ ಸಿಂಗಪುರದಲ್ಲಿರಲಿ ಸೂಯೆಜ್‌ನಲ್ಲಿರಲಿ ಮಾತು ಹೋಗಿ ಮುಟ್ಟುತ್ತಿತ್ತು. ರಜೆಗೆ ಊರಿಗೆ ಬಂದವನ ಬಲಗಡೆಗೆ ಮಾಮಾ ತಮ್ಮದೇ ಪೆಟ್ಟಿಗೆಯ ಹೆಸರು ಬರೆಯುತ್ತಿದ್ದರು. ಬಂದದ್ದನ್ನು ಪ್ರಿಂಟ್ ತೆಗೆದು ಮನೆಗೆ ಪೋಸ್ಟ್ ಮಾಡುತ್ತಿದ್ದರು. ಒಂದು ಸಾಲನ್ನೂ ಅವರು ಅಳಿಸಿದ್ದು ನಾನು ಕಾಣೆ. ಟಪಾಲು ಬರೆದವರಿಗೇ ತಿರುಗಿ ಹೋಗಬಾರದು ಎನ್ನುವುದು ಅವರ ಒಂದೇ ಹಟ. ಕಾಗದದ ಕಾಲದಲ್ಲೂ ಹಾಗೇ ಇದ್ದರಂತೆ. ವಿಳಾಸದವನು ಸಿಗದಿದ್ದರೆ ಊರೆಲ್ಲ ವಿಚಾರಿಸಿ ಮುಟ್ಟಿಸುವುದು, ಸಿಗಲೇ ಇಲ್ಲವೆಂದರೆ ಇಟ್ಟುಕೊಳ್ಳುವುದು.

ನನಗೆ ಇದೆಲ್ಲ ಕಂಡರೆ ನಗು. ಇಪ್ಪತ್ತನಾಲ್ಕು ವರ್ಷ, ತಲೆಗೆ ಕೋಡು ಮೂಡಿದ್ದ ಕಾಲ. ಬೇಸಿಗೆಯಲ್ಲಿ ಏಸಿ ಕೆಟ್ಟಾಗ ಅವರು ಮನೆಯಿಂದ ಲಾವಂಚದ ತಟ್ಟಿ ತಂದು ಸರ್ವರ್ ರೂಮಿನ ಕಿಟಕಿಗೆ ಕಟ್ಟಿ, ಗಂಟೆಗೊಮ್ಮೆ ಬಂದು ನೀರು ಚಿಮುಕಿಸುತ್ತಿದ್ದರು. ಯಂತ್ರದ ಪಕ್ಕ ನೀರು! ನಾನು ರೇಗಿ ಹಾರಾಡಿದೆ. ಅದಕ್ಕೂ ಸೆಕೆ ಆಗತ್ತಮ್ಮಾ ಎಂದು ಹೇಳಿ ಚೊಂಬು ತುಂಬಿಸಲು ಹೋದರು. ನಿಜ ಹೇಳಬೇಕೆಂದರೆ ಆ ಬೇಸಿಗೆಯಲ್ಲಿ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

ನಾನು ಸೇರುವುದಕ್ಕೆ ಒಂದು ವರ್ಷ ಮೊದಲು ಒಬ್ಬ ಆಯಿಲರ್ ಕಾಣೆಯಾಗಿದ್ದ. ಇಲ್ಲೇ ಮದ್ರಾಸಿನ ರಾಯಪುರಂ ಕಡೆಯವನು. ಬೆಳಿಗ್ಗೆ ಪಾಳಿಗೆ ಬರಲಿಲ್ಲ, ಹುಡುಕಿದರೆ ಹಡಗಿನಲ್ಲೆಲ್ಲೂ ಇಲ್ಲ. ಹಡಗು ಬಂದ ದಾರಿಯಲ್ಲೇ ತಿರುಗಿ ಹೋಗಿ ಒಂದು ಹಗಲೆಲ್ಲ ಹುಡುಕಿತಂತೆ. ಒಂದು ಚಪ್ಪಲಿಯೂ ಸಿಗಲಿಲ್ಲ. ಹೆಣ ಸಿಗದವನನ್ನು ಸತ್ತ ಎಂದು ಬರೆಯುವಂತಿಲ್ಲ. ಕಂಪನಿಯ ಕಾಗದದಲ್ಲಿ ಕಾಣೆಯಾಗಿದ್ದಾನೆ ಎಂದಿತ್ತು. ಅವನ ಹೆಂಡತಿ ಕೈಗೂಸನ್ನು ಎತ್ತಿಕೊಂಡು ಬಂದು ಮಾಮಾನ ಮೇಜಿನ ಮುಂದೆ ನಿಂತು ಕೇಳಿದ್ದು ಒಂದೇ ಪ್ರಶ್ನೆಯಂತೆ. ಅವರಿಗೆ ನಾನು ಇನ್ನೂ ಮೇಲ್ ಬರೆಯಬಹುದಾ? ಬರಿ ತಾಯಿ, ಎಂದಿದ್ದರು ಮಾಮಾ. ಅದು ತಿರುಗಿ ಬರುವುದಿಲ್ಲ, ನನ್ನ ಹೊಣೆ ಎಂದು ಮಾತು ಕೊಟ್ಟಿದ್ದರು.

ಅವಳು ಅದನ್ನೇ ಹಿಡಿದುಕೊಂಡಳು. ಅತ್ತೆ ಮಾವ ಕರ್ಮ ಮಾಡಿ ಮುಗಿಸೋಣ ಎಂದಾಗಲೆಲ್ಲ, ಸತ್ತವರಿಗೆ ಬರೆದರೆ ತಿರುಗಿ ಬರಬೇಕಲ್ಲ, ಅವರದು ತಿರುಗಿ ಬರುವುದಿಲ್ಲ ಎಂದು ಆಫೀಸಿನ ಐಯಾ ಹೇಳಿದ್ದಾರೆ, ಇನ್ನೂ ಬಂದಿಲ್ಲ ಎನ್ನುತ್ತಿದ್ದಳಂತೆ. ಶುಕ್ರವಾರ ಶುಕ್ರವಾರ ಬ್ರೌಸಿಂಗ್ ಸೆಂಟರಿಗೆ ಹೋಗಿ ಬರೆಯುತ್ತಿದ್ದಳು. ಅವನ ಹೆಸರಿನ ಬಲಗಡೆಗೂ ಮಾಮಾ ತಮ್ಮ ಪೆಟ್ಟಿಗೆಯನ್ನೇ ಬರೆದಿದ್ದರಿಂದ ಅದು ಅವರಲ್ಲಿಗೆ ಬಂದು ಬೀಳುತ್ತಿತ್ತು. ಅವರು ಒಂದನ್ನೂ ತೆರೆಯದೆ ಬೇರೊಂದು ಫೋಲ್ಡರಿಗೆ ಸರಿಸಿಡುತ್ತಿದ್ದರು. ಏನು ಬರೆದಾಳ ನೋಡಬಾರದೇನ್ರಿ ಎಂದು ನಾನೊಮ್ಮೆ ಕೇಳಿದ್ದೆ.

"ನಮಗೆ ಬರೆದದ್ದಲ್ಲವಲ್ಲಮ್ಮಾ" ಎಂದರು.

ಇದು ಸರಿಯಾ ತಪ್ಪಾ, ಆ ಹೆಣ್ಣುಮಗಳಿಗೆ ಸುಳ್ಳು ಆಸೆ ತೋರಿಸಿದ ಹಾಗಲ್ಲವಾ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಅವನು ಬದುಕಿದ್ದಾನೆಂದು ಮಾಮಾ ಯಾವತ್ತೂ ಹೇಳಿರಲಿಲ್ಲ. ತಿರುಗಿ ಬರುವುದಿಲ್ಲ ಎಂದಷ್ಟೇ ಹೇಳಿದ್ದರು, ಅಷ್ಟನ್ನು ನಡೆಸಿಕೊಟ್ಟಿದ್ದರು.

ಅಷ್ಟರಲ್ಲಿ ಕಂಪನಿ ಬೆಳೆಯಿತು. ದಿನಾ ಹತ್ತು ಹನ್ನೆರಡು ಹೊಸ ಹೆಸರು. ಮಾಮಾನ ಕಣ್ಣಿಗೆ ಪೊರೆ ಬಂದಿತ್ತು. ಒಂದು ದಿನ ಒಂದೇ ಹೆಸರಿನ ಇಬ್ಬರನ್ನು ಅದಲುಬದಲು ಮಾಡಿ, ಒಬ್ಬನ ಹೆಂಡತಿ ಬಸುರಿಯಾದ ಸುದ್ದಿ ಮದುವೆಯೇ ಆಗದ ಇನ್ನೊಬ್ಬನಿಗೆ ಹೋಯಿತು. ಇನ್ನೊಂದು ದಿನ ಹೆಸರಿಗೂ ಪೆಟ್ಟಿಗೆಗೂ ನಡುವೆ ಇಡುವ ಎರಡು ಚುಕ್ಕೆ ಬಿಟ್ಟುಹೋಗಿ ಅರ್ಧ ಹಗಲು ಟಪಾಲೆಲ್ಲ ಸ್ತಬ್ಧ. ಮ್ಯಾನೇಜರು ನನ್ನನ್ನು ಕರೆದು, ಇದನ್ನು ಕೈಯಲ್ಲಿ ಮಾಡುವುದು ಸಾಕು, ಯಂತ್ರವೇ ಮಾಡುವಂತೆ ಮಾಡು ಎಂದರು. ನಾನು ಅದಕ್ಕೇ ಕಾದು ಕುಳಿತಿದ್ದೆ. ಎರಡು ವಾರ ಕೂತು ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆದೆ. ಬೆಳಿಗ್ಗೆ ಆರಕ್ಕೆ ಅದು ತಾನೇ ಎದ್ದು, ಯಾವ ಹಡಗಿನಲ್ಲಿ ಯಾರಿದ್ದಾರೆ, ಯಾರು ರಜೆಯಲ್ಲಿದ್ದಾರೆ ಎಂಬ ಆ ದಿನದ ಪಟ್ಟಿಯನ್ನು ಓದಿ, ಅಲಿಯಾಸ್ ಫೈಲನ್ನು ಮೊದಲಿನಿಂದ ಹೊಸದಾಗಿ ಬರೆಯುತ್ತಿತ್ತು. ತಪ್ಪಿಲ್ಲ, ಚುಕ್ಕೆ ಮರೆಯುವುದಿಲ್ಲ. ನನ್ನ ಜಂಬ ಹೇಳತೀರದು.

ಮಾಮಾ ಕಣ್ಣಿನ ಆಪರೇಶನ್ನಿಗೆ ರಜೆ ಹಾಕುವ ಹಿಂದಿನ ದಿನ ಕುರ್ಚಿ ಎಳೆದು ಕೂರಿಸಿ ಅವರಿಗೆ ತೋರಿಸಿದೆ. ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದರು. ರೊಂಬ ಚೆನ್ನಾಗಿದೆ ಎಂದರು, ಹೊಟ್ಟೆಕಿಚ್ಚಿಲ್ಲದೆ. ಆಮೇಲೆ ಕೇಳಿದರು.

"ಪಟ್ಟಿಲೆ ಇಲ್ಲದವರು ಏನಾಗ್ತಾರಮ್ಮಾ?"

"ತಾವ ಹೋಗ್ತಾರ್ರಿ ಮಾಮಾ. ನಾವು ಕೈ ಹಚ್ಚೂದಽ ಬ್ಯಾಡ."

ಕಾಣೆಯಾದವನು ಹಡಗಿನ ಪಟ್ಟಿಯಲ್ಲೂ ಇಲ್ಲ, ರಜೆಯ ಪಟ್ಟಿಯಲ್ಲೂ ಇಲ್ಲ ಎಂಬುದು ನನಗಿಂತ ಮೊದಲು ಅವರಿಗೆ ಹೊಳೆದಿತ್ತು. ಆಮೇಲೆ, "ಅವನೊಬ್ಬನ ಹೆಸರು ಹಾಗೇ ಇರ್ಲಿ ಬಿಡಮ್ಮಾ. ಅಷ್ಟು ಮಾಡು, ಪೋದುಂ" ಎಂದರು. ಅಷ್ಟು ಸಾಕು ಎಂದು ಬೇಡಿಕೊಂಡ ದನಿ. ಆಯ್ತ್ರಿ, ಹಾಕ್ತೀನಿ ಎಂದೆ.

ಇಷ್ಟು ವರ್ಷ ಕೇಳಿದವರಿಗೆಲ್ಲ ಮರೆತುಹೋಯಿತು ಎಂದೇ ಹೇಳಿಕೊಂಡು ಬಂದಿದ್ದೇನೆ. ಮರೆತಿರಲಿಲ್ಲ. ಸೋಮವಾರ ಮ್ಯಾನೇಜರ ಮುಂದೆ ಸ್ಕ್ರಿಪ್ಟ್ ಓಡಿಸಿ ತೋರಿಸುವುದಿತ್ತು. ಅಷ್ಟು ಅಚ್ಚುಕಟ್ಟಾಗಿ ಬರೆದದ್ದರ ನಡುವೆ ಸತ್ತವನೊಬ್ಬನಿಗಾಗಿ ಕೈಯಿಂದ ಮೂರು ಸಾಲು ತುರುಕುವುದು ನನಗೆ ಕಣ್ಣಿಗೆ ಕಸ ಬಿದ್ದ ಹಾಗೆ ಕಂಡಿತು. ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನ ಇದೆ, ಗುರುವಾರ ಸೇರಿಸಿದರಾಯಿತು ಎಂದುಕೊಂಡೆ. ಮೂರು ಸಾಲಿನ ಕೆಲಸ. ಹತ್ತು ನಿಮಿಷವೂ ಬೇಡ...

ಅವಳು ಶುಕ್ರವಾರದವರೆಗೆ ಕಾಯಲಿಲ್ಲ. ಮಂಗಳವಾರ ಮಗುವಿನ ಹುಟ್ಟುಹಬ್ಬ. ಅವತ್ತೇ ಹೋಗಿ ಬರೆದಿದ್ದಳು. ಎರಡು ನಿಮಿಷಕ್ಕೆ ನಮ್ಮ ಯಂತ್ರ ಆ ಮೇಲನ್ನು ಅವಳಿಗೇ ವಾಪಸ್ ಕಳಿಸಿತು, ಈ ಹೆಸರಿನವರು ಇಲ್ಲಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು. ಅವಳಿಗೆ ಅಕ್ಷರ ಬಿಟ್ಟರೆ ಇಂಗ್ಲಿಷ್ ಬಾರದು. ಬ್ರೌಸಿಂಗ್ ಸೆಂಟರಿನ ಹೆಂಗಸು ಓದಿ, ತಮಿಳಿನಲ್ಲಿ ಹೇಳಿ, ಪ್ರಿಂಟ್ ತೆಗೆದು ಕೈಗೆ ಕೊಟ್ಟಳಂತೆ. ಗುರುವಾರ ನಾನು ಬೇರೆ ಯಾವುದೋ ಕೆಲಸದಲ್ಲಿದ್ದೆ. ಯಾವ ಕೆಲಸವೆಂದು ಈಗ ನೆನಪಿಲ್ಲ.

ಎರಡು ವಾರದ ಮೇಲೆ ಮಾಮಾ ಕೆಲಸಕ್ಕೆ ಬಂದರು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು. ಅದೇ ದಿನ ಹನ್ನೊಂದು ಗಂಟೆಗೆ ಒಬ್ಬ ಮುದುಕ ಮೆಟ್ಟಿಲು ಹತ್ತಿ ಬಂದ. ಆಯಿಲರ್‌ನ ಅಪ್ಪ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ. ಅವನು ಮಾಮಾನಿಗೆ ಕೈಮುಗಿದ. ಮಡಿಸಿ ಮಡಿಸಿ ಮೆತ್ತಗಾಗಿದ್ದ ಆ ಪ್ರಿಂಟನ್ನು ಮೇಜಿನ ಮೇಲೆ ಇಟ್ಟು, ಎರಡು ವರ್ಷದಿಂದ ನೀವು ಯಾರೂ ಬಾಯಿ ಬಿಡಲಿಲ್ಲ, ಕೊನೆಗಾದರೂ ಬರೆದು ತಿಳಿಸಿದಿರಿ, ದೊಡ್ಡ ಉಪಕಾರವಾಯಿತು ಎಂದ. ಕರ್ಮ ಮುಗಿಸಿದೆವು, ಅವಳೂ ಒಪ್ಪಿಕೊಂಡಳು. ಇದನ್ನೇ ಕಂಪನಿಯ ಸೀಲು ಹಾಕಿ ಕೊಟ್ಟರೆ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಎಂದ.

ಮಾಮಾ ಕಾಗದ ಎತ್ತಿ ಒಂದೇ ಕಣ್ಣಿನ ಹತ್ತಿರ ಹಿಡಿದು ಮೇಲಿನ ಇಂಗ್ಲಿಷ್ ಸಾಲುಗಳನ್ನು ಓದಿದರು. ನನ್ನ ಕಡೆ ತಿರುಗಿ ನೋಡಿದರು. ಇಂಥದ್ದೊಂದು ಆಗಿಯೇ ಇಲ್ಲ ಎಂದು ಹೇಳೋಣವೆನಿಸಿತು, ಕಣ್ಣು ತಪ್ಪಿಸಿ ಬಾಗಿಲ ಕಡೆ ನೋಡಿದೆ. ಬಾಗಿಲ ಹೊರಗೆ ಅವಳು ನಿಂತಿದ್ದಳು, ಮಗುವಿನ ಕೈ ಹಿಡಿದುಕೊಂಡು. ಹಣೆ ಬರಿದು. ಕಾಲುಂಗುರ ತೆಗೆದ ಬೆರಳಲ್ಲಿ ಬೆಳ್ಳಗೆ ಒಂದು ಗೆರೆ ಉಳಿದಿತ್ತು. ನನಗಿಂತ ಎರಡು ವರ್ಷ ಚಿಕ್ಕವಳಿರಬೇಕು.

ಮಾಮಾ ಎದ್ದು ನಿಂತು ಮುದುಕನಿಗೆ ತಮಿಳಿನಲ್ಲಿ ಬಿಡಿಸಿ ಹೇಳಿದರು. ಇದು ಸುದ್ದಿಯಲ್ಲಪ್ಪಾ, ಇದನ್ನು ಕಂಪನಿ ಬರೆದದ್ದಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಯಂತ್ರ ತಾನೇ ಬರೆದು ಕಳಿಸಿದೆ, ಅದು ತಪ್ಪಿ ಆದದ್ದು. ಮುದುಕ ಮುಂದಕ್ಕೆ ಬಗ್ಗಿ ಕೇಳಿಸಿಕೊಂಡ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಾಗಾದರೆ ನನ್ನ ಮಗ ಇದ್ದಾನಾ ಐಯಾ, ಎಂದು ಕೇಳಿದ.

ಮಾಮಾ ಬಾಯಿ ತೆರೆದರು. ಇದ್ದಾನೆ ಎನ್ನುವಂತಿಲ್ಲ. ಇಲ್ಲ ಎಂದು ಹೇಳಲು ಅವರಿಗೆ ಏನು ಗೊತ್ತು? ಎರಡು ವರ್ಷ ಅವರು ಈ ಪ್ರಶ್ನೆಯನ್ನು ಯಾರೂ ಕೇಳದ ಹಾಗೆ ತಡೆದು ಇಟ್ಟಿದ್ದರು. ಈಗ ನನ್ನಿಂದಾಗಿ ಅದು ಅವರ ಮೇಜಿನ ಮುಂದೆ ಬಂದು ನಿಂತಿತ್ತು. ಗೊತ್ತಿಲ್ಲಪ್ಪಾ ಎಂದರು, ಕೇಳಿಸದಷ್ಟು ಮೆಲ್ಲಗೆ. ಮುದುಕ ಕುರ್ಚಿಯ ಮೇಲೆ ಕುಸಿದು ಕೂತು ಮುಖಕ್ಕೆ ಟವೆಲು ಒತ್ತಿಕೊಂಡ. ಕರ್ಮ ಮಾಡಿ ಮುಗಿಸಿದವನಿಗೆ ನಾವು ಮತ್ತೆ ಏನನ್ನು ಕೊಟ್ಟೆವೋ, ಏನನ್ನು ಕಿತ್ತುಕೊಂಡೆವೋ... ಇವತ್ತಿಗೂ ನನಗೆ ತಿಳಿದಿಲ್ಲ.

ಹೊರಡುವಾಗ ಅವಳು ಒಂದೇ ಮಾತು ಆಡಿದಳು.

"ಲೆಟರ್ ತಿರುಂಬಿ ವರಾದುನ್ನು ಸೊನ್ನೀಂಗಳೇ, ಐಯಾ."

ಕಾಗದ ತಿರುಗಿ ಬರುವುದಿಲ್ಲ ಎಂದಿದ್ದಿರಲ್ಲ ಎಂದಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನಾವು ಬೈಸಿಕೊಂಡು ಹಗುರಾಗಬಹುದಿತ್ತು. ಯಂತ್ರದ ಮಾತಿನ ಕೆಳಗೆ ಅವಳು ಬರೆದದ್ದೂ ಆ ಪ್ರಿಂಟಿನಲ್ಲಿ ಇತ್ತು, ಇಂಗ್ಲಿಷ್ ಅಕ್ಷರದ ತಮಿಳು. ಮೇಜಿನ ಮೇಲೆ ಬಿಚ್ಚಿಟ್ಟಾಗ ಎರಡು ಸಾಲು ನನ್ನ ಕಣ್ಣಿಗೆ ಬಿದ್ದಿದ್ದವು: ಪಾಪು ಈಗ ಚಪ್ಪಲಿ ತಾನೇ ಹಾಕಿಕೊಳ್ಳುತ್ತಾನೆ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ, ಬಿಚ್ಚಲು ಹೋದರೆ ಹೊಡೆಯುತ್ತಾನೆ. ಮಾಮಾ ಆ ಕಾಗದವನ್ನು ನಡುವೆ ಮಡಿಸಿ, ಉಗುರಿನಿಂದ ಗೀರಿ, ಕೆಳಗಿನ ಅರ್ಧವನ್ನು ಓದದೆ ಹರಿದು ಅವಳ ಕೈಗೆ ಕೊಟ್ಟರು. ಮೇಲಿನ ಅರ್ಧವನ್ನು ಜೇಬಿಗೆ ಹಾಕಿಕೊಂಡರು.

ಅವರು ಮೆಟ್ಟಿಲು ಇಳಿಯುವ ಮೊದಲೇ ನಾನು ಆ ಹೆಸರನ್ನು, ಬಲಗಡೆಗೆ ನನ್ನದೇ ಪೆಟ್ಟಿಗೆ ಬರೆದು, ಫೈಲಿಗೆ ಸೇರಿಸಿದ್ದೆ. ಸ್ಕ್ರಿಪ್ಟಿಗೂ ಆ ಮೂರು ಸಾಲು ಹಾಕಿದೆ. ಹತ್ತು ನಿಮಿಷ ಎಂದಿದ್ದೆನಲ್ಲ, ನಾಲ್ಕೇ ನಿಮಿಷ ಹಿಡಿಯಿತು.

ಮಾಮಾ ನನ್ನನ್ನು ಬೈಯಲಿಲ್ಲ. ಮ್ಯಾನೇಜರಿಗೆ ಚಾಡಿ ಹೇಳಲಿಲ್ಲ. ಅವತ್ತಿನಿಂದ ನನ್ನ ಜೊತೆ ಕನ್ನಡ ಆಡುವುದನ್ನು ಬಿಟ್ಟರು, ಅಷ್ಟೇ. ಗುಡ್ ಮಾರ್ನಿಂಗ್. ಪ್ಲೀಸ್ ಚೆಕ್ ದಿಸ್. ಥ್ಯಾಂಕ್ ಯೂ. ಬೇರೆಯವರ ಜೊತೆ ಹೇಗಿದ್ದರೋ ನನ್ನ ಜೊತೆಯೂ ಹಾಗೇ. ನಾನು ಬೇಕೆಂದೇ ನಮ್ಮ ಕಡೆಯ ಮಾತಲ್ಲಿ ಏನಾದರೂ ಕೆಣಕಿದರೆ, ಯೆಸ್ ಎಂದು ಕೆಲಸಕ್ಕೆ ಬಗ್ಗುತ್ತಿದ್ದರು. ಒಂದು ದಿನ ಪಾರ್ಟಿಶನ್ನಿನ ಹಿಂದೆ ಕೂತು ಅತ್ತದ್ದೂ ಉಂಟು. ಸ್ಕ್ರಿಪ್ಟ್ ಮಾತ್ರ ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಒಂದು ಚುಕ್ಕೆಯೂ ತಪ್ಪದೆ ಕೆಲಸ ಮಾಡುತ್ತಿತ್ತು. ಟಪಾಲು ಸೆಕ್ಷನ್ನಿನಲ್ಲಿ ಮಾಮಾನಿಗೆ ಮಾಡಲು ಏನೂ ಉಳಿಯಲಿಲ್ಲ. ಅವರು ಪೇಪರ್ ಓದುತ್ತಾ ಕೂರುತ್ತಿದ್ದರು.

ಒಂದೂವರೆ ವರ್ಷದ ಮೇಲೆ ರಿಟೈರ್ ಆದರು. ಹಾರ, ಮೈಸೂರುಪಾಕು, ಒಂದು ಗೋಡೆ ಗಡಿಯಾರ. ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತರು. ಹಾರವನ್ನು ಕೈಯಲ್ಲಿ ಸುತ್ತಿಕೊಂಡಿದ್ದರು.

"ಆ ಹುಡುಗಿ ಬರೆದಳೇನಮ್ಮಾ?"

ಒಂದೂವರೆ ವರ್ಷದ ಮೇಲೆ ಕನ್ನಡ.

"ಇಲ್ರಿ ಮಾಮಾ. ಒಂದೂ ಬಂದಿಲ್ರಿ."

ತಲೆ ಆಡಿಸಿದರು. ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು, ರಾಯಪುರಂನ ಅವಳ ಮನೆಯ ಬೀದಿ, ಬಾಗಿಲ ನಂಬರು. ತಾವು ಎರಡು ಸಲ ಅಲ್ಲಿಗೆ ಹೋಗಿದ್ದಾಗಿಯೂ, ಮುದುಕ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದಾಗಿಯೂ ಹೇಳಿದರು. ಹೆಂಗಸಾದರೆ ಒಳಗೆ ಬಿಟ್ಟಾರು ಎಂದರು.

"ನೀನು ಒಂದು ಸಲ ಹೋಗಿ ಹೇಳಿ ಬಾ. ಅದು ನಾವು ಹೇಳಿದ್ದಲ್ಲಾಂತ. ಬರೆಯೋದಿದ್ರೆ ಬರೀಬಹುದೂಂತ."

ಹೋಗ್ತೀನ್ರಿ ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಮೆಟ್ಟಿಲು ಇಳಿದರು. ಆ ವರ್ಷವೇ ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಾಗ ವೈಕುಂಠ ಸಮಾರಾಧನೆಯೂ ಮುಗಿದಿತ್ತು.

ಆ ಏಜೆನ್ಸಿ ಈಗ ಇಲ್ಲ. ಮುಚ್ಚುವವರೆಗೂ ನಾನು ಅಲ್ಲೇ ಇದ್ದೆ, ಅವನ ಹೆಸರಿಗೆ ಒಂದು ಮೇಲೂ ಬರಲಿಲ್ಲ. ನಾನು ಇರುವುದು ನುಂಗಂಬಾಕ್ಕಂನಲ್ಲಿ. ರಾಯಪುರಂ ಆಟೋದಲ್ಲಿ ಅರ್ಧ ಗಂಟೆ. ಸಂಬಂಧಿಕರೊಬ್ಬರನ್ನು ನೋಡಲು ಅಲ್ಲಿನ ಆಸ್ಪತ್ರೆಗೆ ಹತ್ತು ಸಲ ಹೋಗಿದ್ದೇನೆ. ಒಮ್ಮೆ ಆ ಬೀದಿಯ ತಿರುವಿನವರೆಗೂ ನಡೆದಿದ್ದೆ. ಹಾಗಾದರೆ ಅವರು ಇದ್ದಾರಾ ಅಕ್ಕಾ ಎಂದು ಅವಳು ಕೇಳಿದರೆ ಏನು ಹೇಳಲಿ ಎಂದು ತಿಳಿಯದೆ, ತಿರುವಿನ ಅಂಗಡಿಯಲ್ಲಿ ಸೋಡಾ ಕುಡಿದು ವಾಪಸ್ ಬಂದೆ. ಮಾಮಾನಿಗಾದರೂ ಗೊತ್ತಿಲ್ಲ ಎನ್ನುವ ಧೈರ್ಯವಿತ್ತು. ಆ ಮಗು ಈಗ ಅಪ್ಪನ ವಯಸ್ಸಿಗೆ ಬಂದಿರಬೇಕು. ನಾನು ಇನ್ನೂ ಹೋಗಿ ಹೇಳಿಲ್ಲ.